ಕೊನೆಯ ಎಳೆತದ ಮರ್ಯಾದೆ

ತೆಕ್ಕಟ್ಟೆಯ ಅಕ್ಕಿ ಮಿಲ್ಲಿನಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದ ಭೋಜರಾಜ ಶೆಟ್ಟಿಯನ್ನು ಊರೇ ಗಟ್ಟಿಗನೆಂದು ಹೊಗಳುತ್ತಿತ್ತು. ಆ ಹೊಗಳಿಕೆಯ ಭಾರವನ್ನೆಲ್ಲ ಹೊತ್ತದ್ದು ಮಾತ್ರ ಎಂಜಿನ್ನಿನ ಬೋಲ್ಟುಗಳು. ಸ್ಪ್ಯಾನರಿಗೆ ಉದ್ದದ ಪೈಪು ಸಿಕ್ಕಿಸಿ, ಗೋಡೆಗೆ ಕಾಲು ಕೊಟ್ಟು, ಹಲ್ಲು ಕಚ್ಚಿ ಎಳೆಯುತ್ತಿದ್ದ. ಮೈ ಬೆವರದೆ ಬಿಗಿದದ್ದು ಬಿಗಿತವೇ ಅಲ್ಲ ಎಂಬುದು ಅವನ ಸಿದ್ಧಾಂತ. ಅವನು ಬಿಗಿದದ್ದನ್ನು ಬೇರೆಯವರು ಬಿಚ್ಚುವುದಿರಲಿ, ಎಷ್ಟೋ ಸಲ ಅವನಿಗೇ ಬಿಚ್ಚಲಾಗದೆ ಉಳಿ ಹಿಡಿದು ಕಡಿಯಬೇಕಾಗುತ್ತಿತ್ತು. ಬೋಲ್ಟು ತುಂಡಾದರೆ ಬೈಗುಳ ಕಬ್ಬಿಣಕ್ಕೆ, ಶಹಭಾಸ್ ಭೋಜರಾಜನ ತೋಳಿಗೆ.

ಇಷ್ಟಾದರೂ ಆಸಾಮಿ ಒಳಗೊಳಗೇ ಜಾಣ. ರಿಪೇರಿ ಮುಗಿದ ಮೇಲೆ ಕೊನೆಯ ಎಳೆತವನ್ನು ಮಿಲ್ಲಿನ ಧಣಿ ಉಮಾನಾಥ ಹೆಗ್ಡೆಯವರಿಗೇ ಬಿಡುತ್ತಿದ್ದ.

"ಒಡೆಯರ ಕೈ ತಾಗಿರೇ ಎಂಜಿನ್ನಿಗೊಂದ್ ಕಳೆ" ಎನ್ನುತ್ತಿದ್ದ.

ಧಣಿಗೆ ಪರಮ ಸಂತೋಷ. ಭೋಜರಾಜನ ಲೆಕ್ಕವೇ ಬೇರೆ: ತುಂಡಾದರೆ ಧಣಿಯ ಕೈಯಲ್ಲೇ ತುಂಡಾಗಬೇಕು, ಆಮೇಲೆ ಬೈಯುವವರು ಯಾರು? ವರ್ಷ ಕಳೆದಂತೆ ಅದೊಂದು ಶಾಸ್ತ್ರವೇ ಆಗಿಬಿಟ್ಟಿತು. ಮೊದಲು ಎಂಜಿನ್ನಿಗೆ ಪೂಜೆ, ಪೂಜೆಯಾದ ಮೇಲೆ ಎಳೆತ, ಎಳೆತವಾದ ಮೇಲೆ ಊಟ. ಪೂಜೆಗೆ ಬಂದ ಸಾಲಿಗ್ರಾಮದ ಕೃಷ್ಣಯ್ಯ ಐತಾಳರದು ಮೊದಲ ಎಳೆತ, ಆಮೇಲೆ ನಂಟರಲ್ಲಿ ಹಿರಿಯರು, ಕೊನೆಗೆ ಧಣಿ. ತನ್ನನ್ನು ಮೂರನೆಯವನಾಗಿ ಕರೆದರೆಂದು ಮಾತು ಬಿಟ್ಟ ನಂಟರೂ ಇದ್ದರು.

ಅರವತ್ತಮೂರನೇ ಇಸವಿಯಲ್ಲಿ ಮಿಲ್ಲಿಗೆ ಹೊಸ ಡೀಸೆಲ್ ಎಂಜಿನ್ ಬಂತು. ಜೊತೆಗೊಂದು ವಿಚಿತ್ರ ಸ್ಪ್ಯಾನರು. ಎಷ್ಟು ಬಲ ಹಾಕಿ ಎಳೆದೆವೆಂದು ಅದರ ಮೇಲಿನ ಮುಳ್ಳು ತೋರಿಸುತ್ತಿತ್ತು. ಮುಳ್ಳು ಕೆಂಪು ಗೆರೆಗೆ ಬಂದೊಡನೆ ಕೈ ನಿಲ್ಲಿಸಬೇಕು, ಕಡಿಮೆಯಾದರೆ ಹೊಗೆ ಸೋರುತ್ತದೆ, ಹೆಚ್ಚಾದರೆ ಬೋಲ್ಟು ಹೋಗುತ್ತದೆ ಎಂದು ಎಂಜಿನ್ ಕೂರಿಸಲು ಮಂಗಳೂರಿನಿಂದ ಬಂದವನು ಹೇಳಿದ. ಭೋಜರಾಜ ಮೀಸೆಯಡಿಯಲ್ಲಿ ನಕ್ಕು ತನ್ನ ಪೈಪನ್ನೇ ನಂಬಿದ. ಕೊಯ್ಲಿನ ಹೊತ್ತಿಗೆ ಬೋಲ್ಟು ತುಂಡಾಗಿ ಮಿಲ್ಲು ನಿಂತಿತು, ಭತ್ತದ ಗಾಡಿಗಳೆಲ್ಲ ಬೇರೆ ಮಿಲ್ಲಿನ ದಾರಿ ಹಿಡಿದವು. ಧಣಿಯ ಸಂತೋಷ ಅಲ್ಲಿಗೆ ಮುಗಿಯಿತು.

"ಹ್ವಾಯ್ ಭೋಜರಾಜ, ಇನ್ನೊಂದ್ ಬೋಲ್ಟ್ ತುಂಡಾದ್ರೆ ನೀ ಬೊಂಬಾಯಿ ಬಸ್ ಹತ್ತೂದೇ. ಹೋಟ್ಲಲ್ಲ್ ಹಿಟ್ಟ್ ರುಬ್ಬುಕೆ ನಿನ್ ಕೈ ಲಾಯ್ಕ್ ಇತ್ತ್."

ಹೆಂಡತಿ ಗಿರಿಜಾಳನ್ನು, ಗದ್ದೆಯನ್ನು, ಊರಿಗೆಲ್ಲ ಕೇಳುವ ಆ ಎಂಜಿನ್ನಿನ ಸದ್ದನ್ನು ಬಿಟ್ಟು ಭೋಜರಾಜ ಬದುಕಿಯಾನೇ? ಮರುವರ್ಷ ಎಂಜಿನ್ ಬಿಚ್ಚಿ ಮಸಿ ಕೆರೆದು ಮತ್ತೆ ಕೂರಿಸುವಾಗ ಪೈಪನ್ನು ಮೂಲೆಗೆ ಎಸೆದ. ಒಂದೊಂದೇ ಬೋಲ್ಟನ್ನು ಮುಳ್ಳು ಕೆಂಪು ಗೆರೆಗೆ ಬರುವಷ್ಟೇ ಬಿಗಿದ. ಅರೆಹೊಟ್ಟೆಯಲ್ಲಿ ಎಲೆ ಬಿಟ್ಟು ಎದ್ದಂತಾಯಿತು ಪಾಪ! ಆದರೂ ಎಂಜಿನ್ ಚಾಲೂ ಮಾಡಿ ನೋಡಿದರೆ ಒಂದೆಳೆ ಹೊಗೆ ಸೋರಲಿಲ್ಲ. ತನಗೂ ಕೆಲಸ ಬರುತ್ತದೆ ಎಂದು ಮೊದಲ ಬಾರಿ ಅನ್ನಿಸಿ ಅವನ ಎದೆಯುಬ್ಬಿತು.

ಪೂಜೆಯ ದಿನ ಬಂತು. ತಾನೇ ಹಾಕಿಕೊಟ್ಟ ಶಾಸ್ತ್ರ, ಬೇಡವೆನ್ನುವುದು ಹೇಗೆ? ಬಂದವರೂ ಗೆರೆ ನೋಡಿ ನಿಲ್ಲಿಸಿಯಾರೆಂದು ಮುಳ್ಳಿನ ಸ್ಪ್ಯಾನರನ್ನೇ ಕೈಗೆ ಕೊಟ್ಟ. ಎಡವಟ್ಟಾದದ್ದು ಅಲ್ಲೇ. ಐತಾಳರು ಮೆಲ್ಲಗೆ ಎಳೆದರು, ಮುಳ್ಳು ಕೆಂಪು ಗೆರೆಗೆ ಬಂತು. ಮುಂದಿನವರು ಧಣಿಯ ಹೆಂಡತಿಯ ಅಣ್ಣ ಚಂದಯ್ಯ ಹೆಗ್ಡೆ. ಜನಿವಾರದ ಕೈ ತಂದಲ್ಲಿಗೇ ತಾನೂ ತಂದರೆ ಮನೆತನದ ಮಾನ ಉಳಿಯುವುದೆಂತು? ಶಲ್ಯ ಸೊಂಟಕ್ಕೆ ಬಿಗಿದು ನಿಂತರು.

"ಒಡೆಯಾ, ಮುಳ್ಳ್ ಗೆರಿಗ್ ಬಂತ್. ಇನ್ ಎಳುಕಾಗ" ಎಂದ ಭೋಜರಾಜ ಧಣಿಯ ಕಿವಿಯಲ್ಲಿ.

"ಸುಮ್ನಿರ್ ಮಾರಾಯಾ. ಬಾವನ ಕೈ ಹಿಡುಕಾತ್ತಾ?"

ಚಂದಯ್ಯನವರು ಎಳೆದರು. ಮುಳ್ಳು ಗೆರೆ ದಾಟಿತು, ನಂಟರು ಭಲೇ ಎಂದರು. ಇನ್ನೂ ಎಳೆದರು. ಠಣ್ ಎಂದು ಬೋಲ್ಟಿನ ತಲೆ ಹಾರಿತು, ಅವರು ಅಂಗಾತ ಬಿದ್ದರು. ನಗುವ ಧೈರ್ಯ ಯಾರಿಗೂ ಇರಲಿಲ್ಲ. ಎದ್ದು ಧೂಳು ಕೊಡವಿದವರೇ ನ್ಯಾಯ ಶುರುಮಾಡಿದರು.

"ಇಂವ ಸಮಾ ಬಿಗ್ದಿದ್ರೆ ನಂಗೆ ಎಳುಕೆ ಜಾಗ ಎಲ್ಲಿರ್ತಿತ್ತ್?"

ಎಲ್ಲರೂ ಹೌದೆಂದು ತಲೆಯಾಡಿಸಿದರು. ಭೋಜರಾಜ ಧಣಿಯ ಮುಖ ನೋಡಿದ. ಕೆಂಪು ಗೆರೆಯ ಮಾತೆತ್ತಿದರೆ ಬಾವನ ಮಾನ ಹೋಗುತ್ತದೆ, ಬಾವನ ಮಾನ ಹೋದರೆ ಬೊಂಬಾಯಿ ಬಸ್ಸು ಖಂಡಿತ.

"ನಂದೇ ತಪ್ಪ್. ಸಡಿಲ ಬಿಟ್ಟಿದ್ದೆ" ಎಂದ.

ಧಣಿಯ ಉಸಿರು ಮರಳಿತು. ತಪ್ಪೊಪ್ಪಿಕೊಂಡವನನ್ನು ಕ್ಷಮಿಸುವ ದೊಡ್ಡತನ ತೋರಿಸಲು ಅಷ್ಟು ನಂಟರೆದುರು ಇನ್ನೆಂದು ಅವಕಾಶ ಸಿಕ್ಕೀತು?

"ಆಯ್ತ್, ಇರ್ಲಿ. ಆ ಮುಳ್ಳಿನ್ ಸಹವಾಸ ಬೇಡ. ಮೊದ್ಲಿನ್ ಹಾಂಗೆ ಬಿಗಿ."

ಮರುದಿನ ಹೊಸ ಬೋಲ್ಟು ಬಂತು. ಧಣಿ ಪಕ್ಕದಲ್ಲೇ ನಿಂತಿದ್ದರು. ಭೋಜರಾಜ ಹಳೆಯ ಪೈಪು ಸಿಕ್ಕಿಸಿ ಎಳೆಯುತ್ತಾ ಹೋದ. ಒಂದು ಕಡೆ ಕೈ ತಾನಾಗಿ ನಿಂತಿತು. ಇಷ್ಟೇ ಸಾಕೆಂದು ಮಣಿಕಟ್ಟೇ ಹೇಳುತ್ತಿತ್ತು.

"ಇನ್ನೂ ಎಳಿ" ಎಂದರು ಧಣಿ.

ಎಳೆದ. ನೌಕರಿಯೇನೋ ಉಳಿಯಿತು. ಆದರೆ ತಪ್ಪೆಂದು ಗೊತ್ತಿದ್ದೂ ಅವನು ಎಳೆದದ್ದು ಅದೇ ಮೊದಲು.