ಭಾನುವಾರದ ಬೆಸುಗೆ

ಮಗಳು ಕೋಣೆ ಸೇರಿಕೊಂಡು ಕೆಲವು ತಿಂಗಳಾದ ಮೇಲೆ ನಾನು ರೇಡಿಯೋ ಕಾರ್ಯಕ್ರಮಕ್ಕೆ ಒಪ್ಪಿಕೊಂಡೆ. ಕೇಳಿದವರಿಗೆಲ್ಲ ಹವ್ಯಾಸ ಎಂದು ಹೇಳುತ್ತಿದ್ದೆ. ಹವ್ಯಾಸವೂ ಅಲ್ಲ, ಮಣ್ಣೂ ಅಲ್ಲ. ಮನೆಯೊಳಗೆ ನಾನು ಆಡಿದ ಒಂದು ಮಾತೂ ಅವಳಿಗೆ ತಲುಪುತ್ತಿರಲಿಲ್ಲ. ಕಿವಿಯಲ್ಲಿ ಸದಾ ಇಯರ್‌ಫೋನ್. ಹಾಗಾದರೆ ಆ ಇಯರ್‌ಫೋನಿನೊಳಗಿಂದಲೇ ನುಗ್ಗುತ್ತೇನೆ ಎಂಬ ಹಟ ನನ್ನದು.

ಆಗ ನಾವು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದೆವು. ಗಂಡ ಕಲ್ಯಾಣದ ಒಂದು ವೆಜ್ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ಮಗಳು ಥಾಣೆಯ ಕಾಲೇಜಿಗೆ ಲೋಕಲ್‌ನಲ್ಲಿ ಹೋಗಿಬರುತ್ತಿದ್ದಳು, ಜೊತೆಗೆ ನಮ್ಮ ಕೆಳಗಿನ ಮಹಡಿಯ ಹುಡುಗಿ. ಒಂದು ಬೆಳಿಗ್ಗೆ ಲೇಡೀಸ್ ಡಬ್ಬಿಯಲ್ಲಿ ಕಾಲಿಡಲು ಜಾಗವಿಲ್ಲದೆ ಇಬ್ಬರೂ ಬಾಗಿಲಲ್ಲೇ ನಿಂತಿದ್ದರು. ರೈಲು ದಿವಾ ಸ್ಟೇಷನ್ ದಾಟಿ ಮುಂಬ್ರಾ ಬರುವ ಮೊದಲು ಆ ಹುಡುಗಿ ಕೆಳಗೆ ಬಿದ್ದಳು. ಬದುಕಲಿಲ್ಲ. "ನಾನು ಅವಳ ಬ್ಯಾಗ್ ಹಿಡಿದಿದ್ದೆ ಅಮ್ಮಾ, ಬ್ಯಾಗ್ ನನ್ನ ಕೈಯಲ್ಲೇ ಉಳೀತು." ಆ ದಿನದ ಬಗ್ಗೆ ಮಗಳು ಹೇಳಿದ್ದು ಅಷ್ಟೇ. ಮೊದಲು ರೈಲು ಹತ್ತುವುದನ್ನು ಬಿಟ್ಟಳು, ಆಮೇಲೆ ಬಿಲ್ಡಿಂಗಿನ ಮೆಟ್ಟಿಲಿಳಿಯುವುದನ್ನು, ಕೊನೆಗೆ ಮಾತನ್ನು.

ಡಾಕ್ಟರ್ ಮಾತ್ರೆ ಕೊಟ್ಟರು. ನಾದಿನಿ ಫೋನಿನಲ್ಲಿ, "ಊರಿಗೆ ಕರ್ಕೊಂಡು ಬನ್ನಿ ಅತ್ತಿಗೆ, ಒಂದು ಒಳ್ಳೆ ಸಂಬಂಧ ನೋಡುವ, ಎಲ್ಲ ಸರಿಯಾಗ್ತದೆ" ಎಂದಳು. ನಾನು ಫೋನ್ ಕುಕ್ಕಿದೆ. ಮಗಳ ಕೋಣೆಯ ಚಿಲಕವನ್ನು ಸ್ಕ್ರೂ ಬಿಚ್ಚಿ ನಾನೇ ತೆಗೆದಿಟ್ಟಿದ್ದೆ. ಬ್ಲೇಡು, ಫಿನಾಯಿಲು, ಮಾತ್ರೆಯ ಡಬ್ಬಿ ಎಲ್ಲ ನನ್ನ ಗೋದ್ರೆಜ್ ಕಪಾಟಿನೊಳಗೆ ಸೇರಿದ್ದವು, ಬೀಗದ ಕೈ ನನ್ನ ಸೊಂಟದಲ್ಲಿ. ಅವಳು ಸ್ನಾನಕ್ಕೆ ಹೋದರೆ ನೀರು ಬೀಳುವ ಸದ್ದು ಕೇಳುತ್ತಾ ಹೊರಗೆ ನಿಂತಿರುತ್ತಿದ್ದೆ. ಸದ್ದು ಸ್ವಲ್ಪ ನಿಂತರೂ ಬಾಗಿಲು ತಟ್ಟುತ್ತಿದ್ದೆ.

ರೇಡಿಯೋ ಎಂದರೆ ದೊಡ್ಡದೇನೂ ಅಲ್ಲ. ನವಿ ಮುಂಬೈಯ ಕೋಪರಖೈರಣೆಯಲ್ಲಿ ಅಂಗಡಿಯ ಮೇಲಿನ ಒಂದು ಖೋಲಿ, ಗೋಡೆಗೆಲ್ಲ ಸ್ಪಂಜು, ಎರಡು ಮೈಕು. ಮೊಬೈಲಿನಲ್ಲಿ ಮಾತ್ರ ಕೇಳಿಸುವ ರೇಡಿಯೋ. ಅದನ್ನು ನಡೆಸುತ್ತಿದ್ದವರು ನಮ್ಮ ಉಡುಪಿ ಕಡೆಯವರೇ. ನಮ್ಮ ಭಜನಾ ಮಂಡಳಿಯಲ್ಲಿ ನನ್ನ ಹಾಡು ಕೇಳಿದ್ದವರು. ಭಾನುವಾರ ಬೆಳಿಗ್ಗೆ ಒಂದು ಗಂಟೆ ಹೊತ್ತು ಕನ್ನಡ ಹಾಡು, ಹಳೆಯದು ಹೊಸದು ಬೆರೆಸಿ ಕೊಡಬೇಕು ಎಂದರು. ಬೆರೆಸುವುದು ನನಗೆ ಹೊಸದಲ್ಲ. ಏಕಾಹ ಭಜನೆಯಲ್ಲಿ ಒಂದು ಸೂರ್ಯೋದಯದಿಂದ ಮರುದಿನದ ಸೂರ್ಯೋದಯದವರೆಗೆ ತಾಳ ನಿಲ್ಲುವಂತಿಲ್ಲ. ಒಂದು ತಂಡ ಏಳುವ ಮೊದಲೇ ಇನ್ನೊಂದು ತಂಡ ಪಕ್ಕದಲ್ಲಿ ಕೂತು, ಅದೇ ಶ್ರುತಿಯಲ್ಲಿ ಎತ್ತಿಕೊಳ್ಳಬೇಕು. ಚಿಕ್ಕಂದಿನಿಂದ ಅದನ್ನು ಮಾಡಿದವಳು ನಾನು. ದಾಸರ ಪದದ ಹಾರ್ಮೋನಿಯಂ ಎಲ್ಲಿ ನಿಲ್ಲುತ್ತದೋ ಅದೇ ಸ್ವರದಿಂದ ಹೊಸ ಸಿನಿಮಾ ಹಾಡಿನ ಗಿಟಾರು ಹೊರಡಬೇಕು, ಬೆಸುಗೆ ಕಾಣಬಾರದು.

ಆ ಆ್ಯಪನ್ನು ಮಗಳ ಮೊಬೈಲಿಗೆ ನಾನೇ ಹಾಕಿದೆ. ಅವಳು ಸ್ನಾನಕ್ಕೆ ಹೋದಾಗ ಹೊರಗೆ ನಿಂತೇ ಆ ಮೊಬೈಲ್ ತೆರೆದು, ಯಾವ ಯಾವ ಹಾಡು ಕೇಳಿದ್ದಾಳೆ ಎಂದು ಕದ್ದು ನೋಡುತ್ತಿದ್ದೆ. ಹಿಂದಿ, ಮರಾಠಿ, ನಡುನಡುವೆ ಹೊಸ ಕನ್ನಡದ್ದೂ ಒಂದೆರಡು. ಅದನ್ನು ನೋಡಿ ಆದ ಖುಷಿ ಅಷ್ಟಿಷ್ಟಲ್ಲ. ಪ್ರತಿ ವಾರ ಅವಳ ಒಂದು ಹಾಡನ್ನು, ಕನ್ನಡದ ಕಾರ್ಯಕ್ರಮದಲ್ಲಿ ಹಿಂದಿಯಾದರೂ ಸರಿ ಎಂದು, ನನ್ನ ಎರಡು ಹಳೆಯ ಹಾಡುಗಳ ನಡುವೆ ಇಡುತ್ತಿದ್ದೆ. ತನ್ನದು ಬಂತೆಂದು ಕಿವಿಗೊಟ್ಟವಳು ಅದರ ಬೆನ್ನಿಗೆ ಬರುವ ನನ್ನದನ್ನೂ ಕೇಳಲಿ, ಅದರ ಬೆನ್ನಿಗೆ ಬರುವ ನನ್ನ ಮಾತನ್ನೂ ಕೇಳಲಿ. ಬೇರೆ ಯಾರು ಕೇಳುತ್ತಾರೆಂಬುದು ನನಗೆ ಬೇಕಾಗಿಯೇ ಇರಲಿಲ್ಲ.

ಶನಿವಾರ ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು ಹಾಡು ಜೋಡಿಸಲು ಕೂರುತ್ತಿದ್ದೆ. ಕೂಡಿದ್ದು ಸರಿ ಕೇಳಿಸದಿದ್ದರೆ ಮತ್ತೆ ಮೊದಲಿನಿಂದ. ಗಂಡ ಹೋಟೆಲಿನಿಂದ ಬಂದವರು, "ಅಲ್ಲಿ ಗಿರಾಕಿಗಳ ಗಲಾಟೆ, ಇಲ್ಲಿ ನಿನ್ನದು. ಸ್ವಲ್ಪ ಮಲಗ್ಲಿಕ್ಕಾದ್ರೂ ಬಿಡು ಮಾರಾಯ್ತಿ" ಎನ್ನುತ್ತಿದ್ದರು. ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಭಾನುವಾರ ಎದ್ದು ಥಾಣೆಗೆ ಹೋಗಿ, ಅಲ್ಲಿಂದ ಕೋಪರಖೈರಣೆಗೆ ವಾಶಿ ಗಾಡಿ ಹಿಡಿಯುವುದು. ದಿವಾ ಬಂದ ಕೂಡಲೇ ಕಣ್ಣು ಮುಚ್ಚುತ್ತಿದ್ದೆ, ಮುಂಬ್ರಾ ದಾಟಿದ ಮೇಲೆ ತೆರೆಯುತ್ತಿದ್ದೆ.

ಕಾರ್ಯಕ್ರಮಕ್ಕೆ ಫೋನುಗಳು ಬರುತ್ತಿದ್ದವು. ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಕೆಲಸ ಮಾಡುವ ವಿಜಾಪುರ ಕಡೆಯ ಹಿರಿಯರೊಬ್ಬರು ಪ್ರತಿ ವಾರ ತಪ್ಪದೆ ಬಯ್ಯುತ್ತಿದ್ದರು. "ಏನ್ರೀ ಅಕ್ಕಾರ, ದಾಸರ ಪದದ ಬೆನ್ನಿಗೆ ಆ ಕುಣಿಯೋ ಹಾಡು ಯಾಕ ಹಚ್ತೀರಿ? ಹೋಳಿಗಿ ತಿನ್ನೋರ ಬಾಯಾಗ ಮಿರ್ಚಿ ತುರುಕಿದಂಗ ಆಗ್ತದ."

"ನಿಮಗೆ ಬೇಡದಿದ್ದರೆ ಆ ಐದು ನಿಮಿಷ ಚಹಾ ಕುಡಿದು ಬನ್ನಿ" ಎಂದೆ ಒಮ್ಮೆ. ಅವರು ನಕ್ಕರು. ನನಗೆ ನಗು ಬರಲಿಲ್ಲ. ಒಂದು ಭಾನುವಾರವಂತೂ ನಾಚಿಕೆ ಬಿಟ್ಟು ಮೈಕಿನಲ್ಲಿ ಕೇಳಿಯೇಬಿಟ್ಟೆ: ಡೊಂಬಿವಲಿಯಿಂದ ಕೇಳುತ್ತಿರುವವರು ಯಾರಾದರೂ ಇದ್ದರೆ ಒಂದು ಮೆಸೇಜ್ ಹಾಕಿ, ಒಂದೇ ಒಂದು ಅಕ್ಷರ ಸಾಕು. ಭಿವಂಡಿಯಿಂದ ಬಂತು, ವಾಶಿಯಿಂದ ಬಂತು. ಡೊಂಬಿವಲಿಯಿಂದ ಬರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ಊಟವನ್ನೂ ಬಿಡತೊಡಗಿದಳು. ಕುತ್ತಿಗೆಯ ಎಲುಬು ಕಾಣುತ್ತಿತ್ತು. ಆಸ್ಪತ್ರೆಗೆ ಸೇರಿಸುವುದೇ ಒಳ್ಳೆಯದು ಎಂದು ಡಾಕ್ಟರ್ ಹೇಳಿದರು. ಆ ಶನಿವಾರ ಅವಳು ಸ್ನಾನಕ್ಕೆ ಹೋದಾಗ ಎಂದಿನಂತೆ ಮೊಬೈಲ್ ತೆರೆದೆ. ಅಷ್ಟು ದಿನ ಹಾಡಿನ ಪಟ್ಟಿ ಮಾತ್ರ ನೋಡುತ್ತಿದ್ದವಳು ಅಂದು ಹುಡುಕಿದರೆ ರೇಡಿಯೋದ ಆ್ಯಪೇ ಇರಲಿಲ್ಲ. ತೆಗೆದುಹಾಕಿದ್ದಳು. ಯಾವಾಗ ತೆಗೆದಳೋ, ಎಷ್ಟು ಭಾನುವಾರ ನಾನು ಗೋಡೆಗೆ ಮಾತಾಡಿದ್ದೆನೋ.

ಅಡುಗೆಮನೆಯಲ್ಲಿ ಕೂತು ಲ್ಯಾಪ್‌ಟಾಪ್ ತೆರೆದೆ. ಯಾಕೆ ತೆರೆದೆನೋ ಗೊತ್ತಿಲ್ಲ, ಕೈಗೆ ಅದೇ ಅಭ್ಯಾಸ. ಹಳೆಯ ಭಾವಗೀತೆಯೊಂದರ ಕೊನೆಗೆ ಅವಳ ಹಿಂದಿ ಹಾಡಿನ ಶುರು ಕೂಡಿಸಬೇಕಿತ್ತು. ಕೂಡಲಿಲ್ಲ. ಮತ್ತೆ ಹಾಕಿದೆ, ಮತ್ತೆ ಹಾಕಿದೆ. ಸಿಟ್ಟಿಗೆ ಗುಂಡಿ ಕುಟ್ಟುತ್ತಿದ್ದೆ. ತಲೆಯೆತ್ತಿದರೆ ಮಗಳು ಬಾಗಿಲಲ್ಲಿ ನಿಂತಿದ್ದಳು, ಒದ್ದೆ ಕೂದಲು.

"ಬಸ್ ಕರ್ ನಾ ಅಮ್ಮಾ. ಎಷ್ಟು ಬಾರ್ ಅದೇ ತುಕಡಾ?"

"ನಿಂಗೆ ಕೇಳಿಸ್ತದಾ?" ಎಂದೆ.

"ಗೋಡೆ ಇಷ್ಟು ಪತ್ಲಾ, ಕಾಗದದ ಥರ ಇದೆ, ಕೇಳಿಸದೆ ಏನು? ಹರ್ ಶನಿವಾರ್. ಒಂದು ಹಾಡಿನ ಕೊನೆ, ಇನ್ನೊಂದರ ಶುರು. ಫಿರ್ ಸೆ ಕೊನೆ, ಫಿರ್ ಸೆ ಶುರು. ಪಾಗಲ್ ಆಗ್ತೇನೆ ನಾನು."

"ಇಯರ್‌ಫೋನ್ ಇರ್ತದಲ್ಲ ನಿನ್ನ ಕಿವಿಯಲ್ಲಿ."

ಅವಳು ನೆಲ ನೋಡಿದಳು. "ಶನಿವಾರ ತೆಗೀತೇನೆ" ಎಂದಳು.

ನಾನು ಗುಂಡಿಯಿಂದ ಕೈ ತೆಗೆದೆ. ಅವಳೇ ಲ್ಯಾಪ್‌ಟಾಪಿನತ್ತ ಗದ್ದ ತೋರಿಸಿ ಕೇಳಿದಳು. "ಯೇ ಜೋ ಹಳೇ ವಾಲಾ ಹಾಡು, ಇದರ ನಡುವೆ ಏನಿದೆ? ಅದನ್ನು ನೀನು ಯಾವತ್ತೂ ಹಾಕಲ್ಲ."

ಹಾಡಿ ತೋರಿಸೋಣ ಎಂದು ಬಾಯಿ ತೆರೆದೆ. ಪಲ್ಲವಿ ಬಂತು, ಮುಂದಿನ ಸಾಲು ಬರಲಿಲ್ಲ. ಆ ಹಾಡು ಹೇಗೆ ಶುರುವಾಗುತ್ತದೆ, ಹೇಗೆ ಮುಗಿಯುತ್ತದೆ ಎಂಬುದು ಮಾತ್ರ ನನ್ನಲ್ಲಿ ಉಳಿದಿತ್ತು. "ಗೊತ್ತಿಲ್ಲ ಮಗಾ" ಎಂದೆ, "ನಂಗೂ ಮರೆತು ಹೋಗಿದೆ."

"ತೋ ಲಗಾ ನಾ. ಪೂರಾ."

ಮೊದಲಿನಿಂದ ಹಾಕಿದೆ. ಅವಳು ಬಾಗಿಲಿನ ಚೌಕಟ್ಟಿಗೆ ಒರಗಿ ಕೇಳುತ್ತಾ ಅಲ್ಲೇ ನೆಲಕ್ಕೆ ಕೂತಳು. ಎರಡನೆಯ ಚರಣ ಬರುವಷ್ಟರಲ್ಲಿ ಅಳುತ್ತಿದ್ದಳು. ಆ ರೈಲಿನ ಬೆಳಗಿನಿಂದ ಅವಳು ಒಮ್ಮೆಯೂ ಅತ್ತಿರಲಿಲ್ಲ. ನಾನು ಹಾಡು ನಿಲ್ಲಿಸಲಿಲ್ಲ.