ಮುಳ್ಳು ಮತ್ತು ಚೊಂಬು

ಬಿಳಿಗೆರೆಯ ವನಜಾಕ್ಷಿ ಕಾರು ಓಡಿಸುವಾಗ ರಸ್ತೆಯನ್ನು ನೋಡಿದ್ದಕ್ಕಿಂತ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳನ್ನು ನೋಡಿದ್ದೇ ಹೆಚ್ಚು. ಮುಳ್ಳು ನಡುವೆ ನಿಂತಿದ್ದರೆ ಅವಳ ಉಸಿರು ಸರಾಗ. ಕೂದಲೆಳೆಯಷ್ಟು ಮೇಲೆ ಸರಿದರೂ ಕಾಲು ತಾನಾಗಿ ಆಕ್ಸಿಲರೇಟರಿನಿಂದ ಮೇಲೇಳುತ್ತಿತ್ತು. ಪಕ್ಕದ ಸೀಟಿನಲ್ಲಿ ಗಂಡ ಮೋಹನ್ ಇರುತ್ತಿದ್ದ. ಅವನ ಎರಡೂ ಕಿಡ್ನಿ ಕೆಲಸ ಬಿಟ್ಟಿದ್ದವು. ವಾರಕ್ಕೆರಡು ಸಲ ತುಮಕೂರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಲೇಬೇಕು, ತಪ್ಪಿದರೆ ಮೈಯೊಳಗೆ ನೀರು ತುಂಬಿ ಉಸಿರು ಕಟ್ಟುತ್ತದೆ. ಹತ್ತಿರದ ತಿಪಟೂರಿನಲ್ಲಿ ಅವನಿಗೆ ಸರದಿ ಸಿಕ್ಕಿರಲಿಲ್ಲ. ಬಸ್ಸು ಹತ್ತಿ ಇಳಿಯುವ ತ್ರಾಣವೂ ಉಳಿದಿರಲಿಲ್ಲ. ಉಳಿದದ್ದು ಆ ಕಾರೊಂದೇ.

ಮದುವೆಯಾಗಿ ಬಂದಾಗ ವನಜಾಕ್ಷಿಗೆ ಸೈಕಲ್ ತುಳಿಯಲೂ ಬರುತ್ತಿರಲಿಲ್ಲ. ಮೋಹನ್ ಕೊಬ್ಬರಿ ಲಾರಿಯ ಡ್ರೈವರ್ ಆಗಿದ್ದವನು. ಕಾಯಿಲೆ ಬಿದ್ದ ಮೇಲೆ ತೋಟದ ದಾರಿಯಲ್ಲೇ ಹೆಂಡತಿಗೆ ಡ್ರೈವಿಂಗ್ ಕಲಿಸಿದ. ಕಲಿಸಿದ ಅನ್ನುವುದಕ್ಕಿಂತ ಬೈದ ಅನ್ನಬೇಕು. "ಕ್ಲಚ್ ಬುಡೇ, ಬುಡು ಅಂದ್ರೆ ಇನ್ನೂ ಒತ್ತೀಯಲ್ಲೇ!" ಎಂದು ಅವನು ಕೂಗಾಡುತ್ತಿದ್ದರೆ ಅಕ್ಕಪಕ್ಕದ ತೋಟದವರು ಕೆಲಸ ಬಿಟ್ಟು ನಗುತ್ತಿದ್ದರು. ಅವಳು ಆಗ ಗುದ್ದಿದ ತೆಂಗಿನ ಸಸಿ ಇವತ್ತಿಗೂ ಸೊಟ್ಟಗೇ ಬೆಳೆಯುತ್ತಿದೆ. ಆದರೂ ಕಲಿತಳು. ಹೆದರಿಕೆ ಕಲಿಸುವಷ್ಟು ಬೇಗ ಯಾವ ಮೇಷ್ಟ್ರೂ ಕಲಿಸುವುದಿಲ್ಲ.

ಕಾರು ಹಳೆಯದು, ಟರ್ಬೊ ಇಂಜಿನ್ನಿನದು. ಏರು ಸಿಕ್ಕರೆ ಹಿಂದಿನಿಂದ ಯಾರೋ ದಬ್ಬಿದಂತೆ ಮುನ್ನುಗ್ಗುತ್ತಿತ್ತು. ಹಾಗೆ ನುಗ್ಗಿದಾಗಲೆಲ್ಲ ಇಂಜಿನ್ ಬಿಸಿಯೇರುತ್ತಿತ್ತು. ಯುಗಾದಿ ಕಳೆದು ಬಿಸಿಲು ಬಲಿತಂತೆ ಮುಳ್ಳಿನ ಕಾಟವೂ ಹೆಚ್ಚಾಯಿತು. ಅದೇ ಬಿಸಿಲು ಇನ್ನೊಂದು ಕಾಟವನ್ನೂ ತಂದಿತು. ಅದು ಎಳನೀರಿನ ಚೊಂಬು.

"ಎಳನೀರು ಒಂದು ತೊಟ್ಟೂ ಕೂಡದು. ಅದರಲ್ಲಿರೋ ಪೊಟ್ಯಾಸಿಯಂ ಇವರ ಎದೆಬಡಿತಾನೇ ನಿಲ್ಲಿಸಿಬಿಡುತ್ತೆ" ಎಂದು ಡಾಕ್ಟರು ಹೇಳಿದ್ದರು. ಇದನ್ನು ತೆಂಗಿನ ಸೀಮೆಯ ತಾಯಿಗೆ ಒಪ್ಪಿಸುವುದು ಹೇಗೆ? ಮೋಹನನ ತಾಯಿ ಸಿದ್ದಮ್ಮ ಕೇಳಿದೊಡನೆ ಸಿಡಿದಿದ್ದಳು. "ಅವ್ನ ತಲೆ! ಹೆತ್ತಾಗಿಂದ ಎಳನೀರು ಕುಡ್ಸೇ ಸಾಕಿದ್ದು ಕಣವ್ವ ಇವನ್ನ. ಎಂಥಾ ಜ್ವರದೋರಿಗೂ ಕೊಡ್ತೀವಿ, ಅದು ಯಾರನ್ನ ಕೊಂದೈತೆ?"

ತುಮಕೂರಿಗೆ ಹೊರಡುವ ದಿನ ಮುದುಕಿ ತಾನೇ ಮಚ್ಚು ಹಿಡಿದು ಎಳನೀರು ಕೆತ್ತಿ, ಚೊಂಬಿಗೆ ಬಗ್ಗಿಸಿ, ಮಗನ ಕೈಗಿಟ್ಟು ಜಗಲಿಯ ಮೇಲೆ ಕೂರುತ್ತಿದ್ದಳು. ಮೋಹನ್ ತಾಯಿಗೆ ಎದುರಾಡುತ್ತಿರಲಿಲ್ಲ. ಚೊಂಬು ಹಿಡಿದು ಅಂಗಳಕ್ಕಿಳಿಯುತ್ತಿದ್ದ. ಬಾನೆಟ್ಟು ಎತ್ತಿ ಆಯಿಲು, ನೀರು ನೋಡುವುದು ಅವನಿಗೆ ಉಳಿದಿದ್ದ ಒಂದೇ ಕೆಲಸ. ವನಜಾಕ್ಷಿ ಊಟದ ಡಬ್ಬಿ ಕಟ್ಟಿಕೊಂಡು ಹೊರಗೆ ಬರುವ ಹೊತ್ತಿಗೆ ಬಾನೆಟ್ಟು ಮುಚ್ಚಿರುತ್ತಿತ್ತು, ಚೊಂಬು ಬರಿದಾಗಿರುತ್ತಿತ್ತು.

"ಕುಡುದ್ರಾ?" ಎಂದು ಕಾರಿನಲ್ಲಿ ಕೇಳಿದರೆ, "ಮುಂದೆ ನೋಡ್ಕಂಡು ಓಡ್ಸು" ಎನ್ನುತ್ತಿದ್ದ.

ಕುಡಿದಿದ್ದರೆ ತಿಂಗಳಿಗೊಮ್ಮೆ ಮಾಡುವ ರಕ್ತಪರೀಕ್ಷೆಯಲ್ಲಿ ತಿಳಿಯುತ್ತಿತ್ತು, ಅದಕ್ಕೆ ಇನ್ನೂ ದಿನವಿತ್ತು. ಅಲ್ಲಿಯ ತನಕ ಅವಳು ಒಂದು ಕಣ್ಣು ಮುಳ್ಳಿನ ಮೇಲೆ, ಒಂದು ಕಣ್ಣು ಗಂಡನ ಎದೆಯ ಏರಿಳಿತದ ಮೇಲೆ ಇಟ್ಟುಕೊಂಡು ಓಡಿಸುತ್ತಿದ್ದಳು. ಅತ್ತೆಯ ಮೇಲೆ ಸಿಟ್ಟು ಬರುತ್ತಿತ್ತು, ಗಂಡನ ಮೇಲೆ ಇನ್ನೂ ಹೆಚ್ಚು.

ತಿಪಟೂರಿನ ಮೆಕ್ಯಾನಿಕ್ ಭೀಮರಾಜು ಕೈಗಿಂತ ಬಾಯಿಯೇ ಮುಂದಿರುವ ಆಸಾಮಿ. ಮೊದಲ ಸಲ ಕಾರು ತಂದಾಗ ರೇಡಿಯೇಟರಿನ ಮುಂದೆ ಬಗ್ಗಿ, "ವನಜಕ್ಕ, ಇಲ್ಲಿ ಹಾಸ್ಗೆ ಹೊಲ್ಯೋವಷ್ಟು ನಾರೈತೆ!" ಎಂದ. ಮನೆಯ ಪಕ್ಕದ ನಾರಿನ ಫ್ಯಾಕ್ಟರಿಯಿಂದ ಹಾರಿ ಬಂದ ತೆಂಗಿನ ನಾರು, ಧೂಳು ಜಾಲಿಯ ಸಂದಿಗಳನ್ನೆಲ್ಲ ಮುಚ್ಚಿತ್ತು. ನೀರು ಹಾಯಿಸಿ ತೊಳೆದ. ಒಂದೆರಡು ಸಲ ಮುಳ್ಳು ಸುಮ್ಮನಿತ್ತು, ಮತ್ತೆ ಏರಿತು. ಆಮೇಲೆ ಥರ್ಮೋಸ್ಟಾಟ್ ಬದಲಿಸಿದ. "ಇದು ಬಾಗ್ಲು ಇದ್ದಂಗೆ. ಬಿಸಿ ಆದಾಗ ತೆಗ್ದು ನೀರು ಬುಡ್ಬೇಕು. ಹಳೇದು ಅರ್ಧಕ್ಕೇ ನಿಂತ್ಕಂಡಿತ್ತು" ಎಂದ. ಆದರೂ ಮುಳ್ಳು ಏರಿತು. ಆಗ ಅವನ ಮಾತೂ ಕಡಿಮೆಯಾಯಿತು. "ಹೆಡ್ ಗ್ಯಾಸ್ಕೆಟ್, ಅದೇ ಒಳಗೆ ನೀರು ತಡ್ಯೋ ಪಟ್ಟಿ, ಹೋಗಿದ್ರೆ ಇಂಜಿನ್ನೇ ಬಿಚ್ಬೇಕಕ್ಕ. ಗಾಡಿ ಇಲ್ಲೇ ಬುಟ್ಟು ಹೋಗ್ಬೇಕಾಯ್ತದೆ."

ಗಾಡಿ ಬಿಟ್ಟು ಹೋದರೆ ತುಮಕೂರಿಗೆ ಹೋಗುವುದು ಯಾವುದರಲ್ಲಿ? ವನಜಾಕ್ಷಿ ಬೀಗದಕೈ ಇಸಿದುಕೊಂಡು ಬಂದಳು.

ಅದರ ಮುಂದಿನ ಪಯಣದಲ್ಲೇ ಅವಳು ಹೆದರಿದ್ದೇ ಆಯಿತು. ಕೆ.ಬಿ. ಕ್ರಾಸ್ ದಾಟಿದ ಮೇಲೆ ಏರಿನಲ್ಲಿ ಕಾಯಿ ತುಂಬಿದ ಲಾರಿಯೊಂದನ್ನು ಹಿಂದೆ ಹಾಕಿದಳು. ಟರ್ಬೊ ಸಿಳ್ಳೆ ಹಾಕಿತು, ಕಾರು ನುಗ್ಗಿತು, ಮುಳ್ಳು ಸರಸರನೆ ಕೆಂಪು ಗೆರೆಯ ಹತ್ತಿರ ಹೋಯಿತು.

"ಹೀಟರ್ ಹಾಕು" ಎಂದ ಮೋಹನ್. "ಇಂಜಿನ್ ಬಿಸೀನ ಒಳಕ್ಕೆ ಎಳ್ಕಂತದೆ."

"ಈ ಬಿಸ್ಲಲ್ಲಾ? ನಿಮ್ಗೆ ಉಸ್ರೇ ಆಡ್ತಿಲ್ಲ!"

"ಹಾಕೇ ಅಂದ್ರೆ."

ಕಿಟಕಿಗಳನ್ನೆಲ್ಲ ಇಳಿಸಿ ಹೀಟರ್ ಹಾಕಿದಳು. ಬೆಂಕಿಯಂಥ ಗಾಳಿ ಮುಖಕ್ಕೆ ಬಡಿಯಿತು. ಊದಿಕೊಂಡ ಕಾಲು ಚಾಚಿ ಮೋಹನ್ ಬಾಯಿ ತೆರೆದು ಉಸಿರೆಳೆಯುತ್ತಿದ್ದ. ಮರದ ನೆರಳೊಂದನ್ನು ಕಂಡು ನಿಲ್ಲಿಸಿ, ಇಂಜಿನ್ ಬಂದ್ ಮಾಡಲು ಕೈ ಹಾಕಿದಳು. ಅವನು ಕೈ ಹಿಡಿದ. "ಈಗ್ಲೇ ಆಫ್ ಮಾಡ್ಬೇಡ, ಟರ್ಬೊ ಸುಟ್ಟೋಯ್ತದೆ. ಹಂಗೇ ಓಡ್ತಿರ್ಲಿ." ಅಷ್ಟು ಹೇಳಲು ಎರಡು ಸಲ ನಿಲ್ಲಿಸಿ ಉಸಿರು ತೆಗೆದುಕೊಂಡ. ಮುಳ್ಳು ಇಳಿಯುವುದನ್ನು ಕಾಯುತ್ತ ಅವಳು, ಇವನು ಇಲ್ಲೇ, ಈ ಸೀಟಿನಲ್ಲೇ ಹೋಗಿಬಿಟ್ಟರೆ ನಾನು ಯಾರನ್ನು ಕೂಗಲಿ ಎಂದು ಯೋಚಿಸಿದಳು. ಕೂಗಿದರೆ ಕೇಳಲು ಅಲ್ಲಿ ತೆಂಗಿನ ಮರಗಳ ಹೊರತು ಯಾರೂ ಇರಲಿಲ್ಲ.

ನಿಂತು ನಿಂತು ಹೋಗಿ ತುಮಕೂರು ಸೇರುವಾಗ ಸರದಿ ತಪ್ಪಿಹೋಗಿತ್ತು. ನರ್ಸ್ ಪುಷ್ಪಲತಾ ಅವನ ಮುಖ ನೋಡಿದವಳೇ ಬೇರೆ ಮಾತಿಲ್ಲದೆ ಯಂತ್ರಕ್ಕೆ ಹಾಕಿದಳು. ಹೊರಗೆ ಬಂದು ವನಜಾಕ್ಷಿಗೆ ಮಾತ್ರ, "ಇನ್ನೊಂದ್ಸಲ ಹೀಗೆ ತಡ ಮಾಡಿದ್ರೆ ನನ್ನ ಕೈಲಿ ಏನೂ ಇರಲ್ಲಮ್ಮ" ಎಂದಳು.

ಮಾರನೆಯ ಬೆಳಿಗ್ಗೆ ಕಾರು ಭೀಮರಾಜುವಿನ ಶೆಡ್ಡಿನಲ್ಲಿತ್ತು. ಮೋಹನ್ ತಾನೂ ಬರುತ್ತೇನೆಂದು ಹಟ ಹಿಡಿದು ಬಂದು ಹಳೆಯ ಸೀಟೊಂದರ ಮೇಲೆ ಕೂತಿದ್ದ. ಭೀಮರಾಜು ಈ ಸಲ ಟರ್ಬೊಗೆ ನೀರು ಕೊಡುವ ಸಣ್ಣ ಪೈಪನ್ನು ಬಿಚ್ಚಿದ. ಊದಿ ನೋಡಿದ, ಗಾಳಿ ಆಡಲಿಲ್ಲ. ತಂತಿ ತೂರಿಸಿ ಎಳೆದರೆ ಕಂದು ಬಣ್ಣದ ಅಂಟು ಎಳೆಎಳೆಯಾಗಿ ಬಂತು. ಮೂಗಿಗೆ ಹಿಡಿದವನು ಹುಬ್ಬು ಗಂಟಿಕ್ಕಿದ.

"ಏನಿದು ವನಜಕ್ಕ, ಬೆಲ್ಲದ ಪಾಕ! ಏನ್ ಹುಯ್ದಿದ್ದೀರ ಇದಕ್ಕೆ?"

ವನಜಾಕ್ಷಿಯೂ ಮೂಸಿದಳು. ತಳ ಹಿಡಿದ ಪಾಯಸದ ವಾಸನೆ. ಅವಳಿಗೆ ತಲೆಬುಡ ತಿಳಿಯಲಿಲ್ಲ.

"ಎಳನೀರು ಕಣಪ್ಪ" ಎಂದ ಮೋಹನ್, ನೆಲ ನೋಡುತ್ತ.

ಭೀಮರಾಜು ತಂತಿಯನ್ನು ಇನ್ನೊಮ್ಮೆ ಮೂಸಿದ.

"ಹಳೇ ಹೋಸ್ ಪೈಪಲ್ಲಿ ಎಲ್ಲೋ ಸೋರ್ತಿತ್ತು. ಬೆಳಗ್ಗೆ ನೋಡಿದ್ರೆ ಚೊಂಬಿನಷ್ಟು ನೀರು ಕಮ್ಮಿ ಇರೋದು. ಹಿಂದೆ ನೀರು ಸಿಗದೆ ಒಂದ್ಸಲ ಟ್ರ್ಯಾಕ್ಟ್ರಿಗೂ ಎಳನೀರು ಹುಯ್ದಿದ್ದೆ, ಏನೂ ಆಗಿರ್ಲಿಲ್ಲ."

"ಟ್ರ್ಯಾಕ್ಟ್ರು ಕುಡೀತು ಅಂತ ಟರ್ಬೊ ಕುಡೀತದಾ ಅಣ್ಣ? ಸಕ್ರೆ ಅಂಶ ಕಾದು ಕಾದು ಪೈಪೆಲ್ಲಾ ಕಟ್ಕಂಡೈತೆ! ನಾನೂ ದಡ್ಡ, ಥರ್ಮೋಸ್ಟಾಟ್ ಬಿಚ್ಚಿದಾಗ್ಲೇ ಮೂಸ್ಬೇಕಿತ್ತು."

ವನಜಾಕ್ಷಿಗೆ ರೇಗಿ ಮೈಯೆಲ್ಲ ಉರಿದುಹೋಯಿತು. "ಮುಳ್ಳು ನೋಡಿ ನೋಡಿ ನಾನು ಜೀವ ಕೈಯಲ್ಲಿ ಹಿಡ್ಕಂಡು ಓಡ್ಸಿದ್ದೀನಿ. ನೀವು ಪಕ್ಕದಲ್ಲೇ ಕೂತ್ಕಂಡು..." ಎಂದು ಶುರುಮಾಡಿದವಳು ಅರ್ಧಕ್ಕೇ ನಿಲ್ಲಿಸಿದಳು. ಬರಿದಾದ ಚೊಂಬು ಅವಳ ಕಣ್ಣ ಮುಂದೆ ಬಂತು.

"ಹಂಗಾದ್ರೆ ನೀವು ಕುಡೀಲಿಲ್ವಾ?"

"ಒಂದು ತೊಟ್ಟೂ ಇಲ್ಲ ಕಣೇ. ಅವ್ವ ಜಗ್ಲಿ ಮೇಲೆ ಕೂತಿರೋಳು. ಬಾನೆಟ್ ಎತ್ತಿದ್ರೆ ಅವ್ಳಿಗೆ ಕಾಣ್ತಿರ್ಲಿಲ್ಲ. ನೆಲಕ್ಕೆ ಚೆಲ್ಲಾನ ಅಂದ್ರೆ ಕೈ ಬರ್ಲಿಲ್ಲ. ಅವ್ಳು ಆ ನಡುಗೋ ಕೈಯಲ್ಲಿ ಕೆತ್ತಿರೋದು."

ವನಜಾಕ್ಷಿ ಅಲ್ಲೇ ಇದ್ದ ಟೈರಿನ ಮೇಲೆ ಕುಸಿದು ಕೂತು ಅತ್ತಳು. ಎಷ್ಟೋ ದಿನಗಳಿಂದ ತಡೆದಿದ್ದ ಅಳು. ಕಾರು ಕುಡಿಯದಿದ್ದರೆ ಅದನ್ನು ಇವನೇ ಕುಡಿಯಬೇಕಿತ್ತು. ಭೀಮರಾಜು ಏನೂ ಕಾಣದವನಂತೆ ಸ್ಪ್ಯಾನರ್ ಹುಡುಕತೊಡಗಿದ.

ಇಂಜಿನ್ ಬಿಚ್ಚುವ ಗೋಜೇನೂ ಬರಲಿಲ್ಲ. ಭೀಮರಾಜು ನೀರನ್ನೆಲ್ಲ ಬಸಿದು, ಬಿಸಿನೀರು ತುಂಬಿ ಓಡಿಸಿ, ಮತ್ತೆ ಬಸಿದು, ತಿಳಿಯಾಗುವ ತನಕ ಬಿಡಲಿಲ್ಲ. ಟರ್ಬೊದ ಪೈಪು, ಸೋರುವ ಹೋಸು ಬದಲಿಸಿದ. ಇಂಜಿನ್ ತಂಪಾಗಿಡುವ ಹಸಿರು ಕೂಲಂಟ್ ತುಂಬಿ, ಒಳಗೆ ಸಿಕ್ಕಿದ್ದ ಗಾಳಿ ಗುಳುಗುಳು ಹೊರಬರುವ ತನಕ ಇಂಜಿನ್ ಓಡಿಸಿದ. ಹಾಸನದ ರಸ್ತೆಯ ಏರಿನಲ್ಲಿ ವನಜಾಕ್ಷಿಯೇ ಓಡಿಸಿ ನೋಡಿದಳು. ಟರ್ಬೊ ಸಿಳ್ಳೆ ಹಾಕಿತು. ಮುಳ್ಳು ನಡುವಿನಿಂದ ಅಲುಗಲಿಲ್ಲ. ಆದರೂ ಅವಳಿಗೆ ಅದರ ಮೇಲೆ ಪೂರ್ತಿ ನಂಬಿಕೆ ಬರಲಿಲ್ಲ.

ಮತ್ತೆ ತುಮಕೂರಿನ ದಿನ ಬಂತು. ಸಿದ್ದಮ್ಮ ಎಳನೀರು ಕೆತ್ತಿ, ಚೊಂಬು ಮಗನ ಕೈಗಿಟ್ಟು, ಜಗಲಿಯ ಮೇಲೆ ಕೂತಳು. ಹೇಳಿಬಿಡೋಣವೇ ಎಂದು ವನಜಾಕ್ಷಿ ರಾತ್ರಿಯೇ ಯೋಚಿಸಿದ್ದಳು. ನಂಬದಿದ್ದರೆ ಜಗಳ. ನಂಬಿದರೆ, ಮಗನ ಕೈಗೆ ತಾನು ಏನು ಕೊಡುತ್ತಿದ್ದೆ ಎಂದು ಆ ಮುದುಕಿ ಉಳಿದ ಕಾಲವೆಲ್ಲ ಕೊರಗಬೇಕು.

ಮೋಹನ್ ಬಾನೆಟ್ಟು ಎತ್ತಿ ಚೊಂಬು ಹಿಡಿದು ಸುಮ್ಮನೆ ನಿಂತಿದ್ದ. ಸೋರಿಕೆ ನಿಂತಿತ್ತು, ಈಗ ಹುಯ್ಯಲು ಜಾಗವಿರಲಿಲ್ಲ. ವನಜಾಕ್ಷಿ ಊಟದ ಡಬ್ಬಿ ಸೀಟಿನ ಮೇಲಿಟ್ಟು ಅವನ ಪಕ್ಕಕ್ಕೆ ಬಂದಳು, ಚೊಂಬು ಇಸಿದುಕೊಂಡು ಒಂದೇ ಉಸಿರಿಗೆ ಕುಡಿದಳು. ಗಂಡನಿಗೆ ಡಾಕ್ಟರು ಬೇಡವೆಂದ ದಿನದಿಂದ ಅವಳೂ ಅದನ್ನು ಬಾಯಿಗೆ ಮುಟ್ಟಿಸಿರಲಿಲ್ಲ. ಸಿಹಿ ಗಂಟಲಿಳಿಯುವಾಗ ಕಣ್ಣು ಮಂಜಾಯಿತು. ಮೋಹನ್ ಬಾನೆಟ್ಟು ಮುಚ್ಚಿದ.

"ಪೂರಾ ಕುಡುದ್ನೇನವ್ವ?" ಎಂದು ಜಗಲಿಯಿಂದ ಸಿದ್ದಮ್ಮ ಕೂಗಿದಳು.

ವನಜಾಕ್ಷಿ ಸೆರಗಿನಿಂದ ತುಟಿ ಒರೆಸಿಕೊಂಡಳು. "ಒಂದು ತೊಟ್ಟೂ ಬುಡ್ಲಿಲ್ಲ ಅತ್ತೆ."