ತಂಗಿಗೆ ಶಿಷ್ಯೆಯ ಅಪ್ಪಣೆ

"ಅವ್ವ ಹಾಸಿಗಿ ಹಿಡದಾಳ, ಇನ್ನೊಂದು ವಾರ ಇರವಾ" ಎಂದರೆ, ತಂಗಿ "ನಮ್ಮ ಮದರ್ ಅಪ್ಪಣಿ ಇಲ್ಲಕ್ಕಾ" ಎಂದು ಟ್ರಂಕಿಗೆ ಬೀಗ ಹಾಕಿದಳು. ನನಗೆ ತಲೆ ಕೆಟ್ಟಿತು.

ಕ್ರೈಸ್ತ ಸನ್ಯಾಸಿನಿಯಾದ ಅವಳು ಆಫ್ರಿಕಕ್ಕೆ ಹೋದದ್ದು ಅಲ್ಲಿನ ಹುಡುಗಿಯರಿಗೆ ಓದು ಕಲಿಸಲು. ಆ ಹುಡುಗಿಯರೇ ಮುಂದೆ ತಮ್ಮದೊಂದು ಸನ್ಯಾಸಿನಿಯರ ಸಂಘ ಕಟ್ಟಿ, ಊರೂರಲ್ಲಿ ಶಾಲೆ, ದವಾಖಾನೆ ತೆರೆದರು. ಇವಳೂ ತನ್ನ ಮೊದಲಿನ ಸಂಘ ಬಿಟ್ಟು ಅದನ್ನೇ ಸೇರಿದಳು. ಈಗ ಸಂಘದ ಹಿರಿಯಳಾದ ಮದರ್, ಇವಳ ಕೈಯಲ್ಲೇ ಅಕ್ಷರ ತಿದ್ದಿದವಳು!

"ನಿನ್ನ ಕಡೆ ಕಲತಾಕಿ ನಿನಗ ಹುಕುಂ ಮಾಡೂದೇನ?" ಎಂದು ರೇಗಿದೆ.

"ಅವರ ಸಂಘಕ್ಕ ಅವರಽ ಹಿರ್ಯಾರಾಗಬೇಕು ಅಂತ ಕಲಿಸಿದಾಕಿನೂ ನಾನಽ ಅಲ್ಲೇನಕ್ಕಾ?"

ಹುಬ್ಬಳ್ಳಿ ಸ್ಟೇಶನ್ನಿನವರೆಗೂ ಬೈಯುತ್ತಲೇ ಹೋಗಿ ಬಿಟ್ಟುಬಂದೆ. ಅವ್ವ ಮಾತ್ರ ನೋಡಲು ಬಂದವರಿಗೆಲ್ಲ, "ನನ್ನ ಮಗಳು ಮದರ್‌ಗ ಸಾಲಿ ಕಲಿಸ್ಯಾಳ" ಎಂದು ಮಲಗಿದಲ್ಲಿಂದಲೇ ಹೇಳುತ್ತಾಳೆ. ನನ್ನ ಸಿಟ್ಟನ್ನು ಯಾರ ಮುಂದೆ ಹೇಳಲಿ?